ನಲವತ್ತು ಪಂಚೆ

ನಮ್ಮೂರಿನಲ್ಲಿ ಹಗ್ಗದ ಮೇಲೆ ಹರವಿದ ಬಟ್ಟೆಗೆ ಇವತ್ತಿನ ಬಿಸಿಲು ತಾಕುವುದಿಲ್ಲ, ನಾಳೆಯದು ತಾಕುತ್ತದೆ. ಬೆಳಿಗ್ಗೆ ಹರವಿದರೆ ನಾಳೆ ಬೆಳಗಿನ ಬಿಸಿಲು, ಸಂಜೆ ಹರವಿದರೆ ನಾಳೆ ಸಂಜೆಯ ಗಾಳಿ. ಹೊರಗಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಅತ್ತೇ ಬಿಡುತ್ತಾರೆ. ನೆತ್ತಿ ಸುಡುವ ಬಿಸಿಲಿನಲ್ಲಿ ಮಹಡಿ ಹತ್ತಿದರೆ ಸೀರೆಯಿಂದ ತೊಟತೊಟ ನೀರು ಇಳಿಯುತ್ತಿರುತ್ತದೆ; ಧೋ ಎನ್ನುವ ಮಳೆಯಲ್ಲಿ ಕೊಡೆ ಹಿಡಿದು ಹೋದರೆ ಟವಲು ಹಪ್ಪಳದ ಹಾಗೆ ಗರಿಗರಿ. ಅದನ್ನು ನೆನೆಯದಂತೆ ಕಂಕುಳಲ್ಲಿ ಅವುಚಿಕೊಂಡು ಬಾಗಿಲಿಗೆ ಓಡುವುದನ್ನು ಕಲಿತ ದಿನ ಸೊಸೆ ಊರವಳಾದಳು ಎಂದು ಲೆಕ್ಕ.

ತಾಪತ್ರಯ ಇರುವುದು ಬೇರೆ ಕಡೆ. ಒಂದೊಂದು ಮನೆಯ ಹಗ್ಗಕ್ಕೂ ಅದರದೇ ಒಂದು ನಾಳೆ. ನಮ್ಮ ಮನೆಯ ಲಂಗ ಒಣಗಿದ ದಿನವೇ ಎದುರು ಮನೆಯ ಚಡ್ಡಿ ಹಿಂಡುವ ಹಾಗಿರುತ್ತದೆ. ಬರುವ ನಾಳೆ ಮಾತ್ರ ಒಂದೇ. ಅದು ಯಾರ ಹಗ್ಗಕ್ಕೆ ಹೊಂದುತ್ತದೆ ಎಂಬುದು ಬಂದ ಮೇಲೇ ಗೊತ್ತು. ಹಾಗಾಗಿ ಹವಾಮಾನದ ವಿಷಯದಲ್ಲಿ ನಮ್ಮೂರಿನವರು ಒಬ್ಬರ ಮಾತನ್ನೊಬ್ಬರು ಒಪ್ಪುವುದಿಲ್ಲ, ಅದೇ ರೂಢಿ ಉಳಿದ ವಿಷಯಗಳಿಗೂ ಹಬ್ಬಿದೆ. ಹಿಟ್ಟಿನ ಗಿರಣಿಯ ಶಾಂತಪ್ಪ ಮತ್ತು ಅವನ ತಮ್ಮ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡದ್ದು ಆಸ್ತಿಗಾಗಿ ಅಲ್ಲ, ಹಗ್ಗಕ್ಕಾಗಿ.

ಇಂಥ ಊರಿಗೆ ಸೈನ್ಯದವರು ಬಂದು ಹವಾಮಾನ ಕಚೇರಿ ತೆರೆದಾಗ ನಾವೆಲ್ಲ ನಕ್ಕೆವು. ಕಚೇರಿಯ ಮುಖ್ಯಸ್ಥರು ಮೇಜರ್ ಪೆಮ್ಮಯ್ಯ. ಉದ್ದನೆಯ ಮನುಷ್ಯ, ಮಾತು ಕಡಿಮೆ, ಕಾಫಿ ಜಾಸ್ತಿ. ಅವರು ಊರಿನ ಎಲ್ಲ ಬೀದಿಗಳಿಂದ ನಲವತ್ತು ಮನೆ ಆರಿಸಿ, ಮನೆಗೊಂದರಂತೆ ಒಂದೇ ಅಳತೆಯ ಬಿಳಿ ಪಂಚೆ ಕೊಟ್ಟರು. ದಿನಾ ಒಂದೇ ಹೊತ್ತಿಗೆ ಅದನ್ನು ನೆನೆಸಿ, ಹಿಂಡಿ, ಅವರವರ ಹಗ್ಗದ ಮೇಲೆ ಹರವಬೇಕು. ಒಣಗಿತೋ, ಹಸಿಯಿದೆಯೋ, ತೊಟ್ಟಿಕ್ಕುತ್ತಿದೆಯೋ ಹೇಳಬೇಕು. ಗಾಳಿಗೆ ಸುಮ್ಮನಿತ್ತೋ, ತೂಗಿತೋ, ಪಟಪಟ ಬಡಿಯಿತೋ, ಹಗ್ಗಕ್ಕೆ ಸುತ್ತಿಕೊಂಡಿತೋ ಅದನ್ನೂ ಹೇಳಬೇಕು. ಮನೆಮನೆಗೆ ಹೋಗಿ ಕೇಳಿಕೊಂಡು ಬರಲು ನನ್ನನ್ನು ಇಟ್ಟುಕೊಂಡರು. ಊರಿನ ಮಹಡಿಗಳಿಗೆಲ್ಲ ಹಕ್ಕಿನಿಂದ ಇಣುಕುವ ಕೆಲಸ, ಮೇಲೆ ಸಂಬಳ ಬೇರೆ. ಅಂಬುಜ ಹುಟ್ಟಿದ್ದೇ ಈ ಹುದ್ದೆಗೆ ಎಂದು ಜನ ಆಡಿಕೊಂಡರು. ನನಗೂ ಹಾಗೇ ಅನ್ನಿಸಿತ್ತು.

ಮೊದಮೊದಲು ನಾನೇ ಮೇಜರನ್ನು ಕೇಳಿದ್ದೆ. "ಸಾರ್, ಸರಿಯಾಗಿ ಹೇಳೋ ಹಗ್ಗ ಯಾವ್ದು ಅಂತ ಹುಡುಕಿ ಅದೊಂದನ್ನೇ ನೋಡಬಾರ್ದಾ? ನನ್ನ ಮಂಡಿ ಆದ್ರೂ ಉಳಿಯತ್ತೆ."

ಅವರು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಟ್ಟಿದ್ದ ಚುಕ್ಕೆಗಳನ್ನು ತೋರಿಸಿದರು. ಮನೆಗೊಂದು ಚುಕ್ಕೆ, ಅಡ್ಡಕ್ಕೆ ಹಸಿಯ ಲೆಕ್ಕ, ಉದ್ದಕ್ಕೆ ಗಾಳಿಯ ಲೆಕ್ಕ. "ಯಾವಾಗ್ಲೂ ಸರಿಯಾಗಿ ಹೇಳೋ ಹಗ್ಗ ಅಂತ ಒಂದಿಲ್ಲ ಅಂಬುಜಮ್ಮ. ಚುಕ್ಕೆ ಎಲ್ಲಾ ಒಂದೇ ಕಡೆ ಗುಂಪಾದ್ರೆ ಧೈರ್ಯವಾಗಿ ಹೊರಡಬಹುದು. ಚೆಲ್ಲಾಪಿಲ್ಲಿಯಾದ್ರೆ, ನಾಳೆ ಏನಂತ ನಮಗೆ ಗೊತ್ತಿಲ್ಲ ಅನ್ನೋದಾದ್ರೂ ಗೊತ್ತಾಗತ್ತೆ. ಸೈನ್ಯಕ್ಕೆ ಎರಡೂ ಬೇಕು." ಗೊತ್ತಿಲ್ಲ ಎಂದು ಹೇಳುವುದಕ್ಕೂ ಸಂಬಳ ಕೊಡುವ ಇಲಾಖೆಯನ್ನು ನಾನು ನೋಡಿದ್ದು ಅದೇ ಮೊದಲು.

ಈ ಮಾತು ಊರಿನ ತಲೆಗೆ ಇಳಿಯಲಿಲ್ಲ. ಊರಿಗೆ ಬೇಕಾದದ್ದು ಗೆದ್ದ ಹಗ್ಗ. ಆ ಬೇಸಿಗೆಯಲ್ಲಿ ಜಲಜಾಕ್ಷಮ್ಮನವರ ಹಗ್ಗ ಸಾಲಾಗಿ ಮೂರು ಸಲ ನಿಜ ಹೇಳಿಬಿಟ್ಟಿತು. ಜಲಜಾಕ್ಷಮ್ಮನವರು ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದು ನಿವೃತ್ತರಾದವರು. ಮೊದಲೇ ತಪ್ಪು ಹೇಳಿ ಅಭ್ಯಾಸವಿಲ್ಲ. ಈಗ ಅವರ ಮಹಡಿಯ ಮೆಟ್ಟಿಲಿಗೆ ರಂಗೋಲಿ ಬಂತು. ಮದುವೆಗೆ ದಿನ ಗೊತ್ತುಮಾಡುವವರು, ಗೋಡೆಗೆ ಸುಣ್ಣ ಹೊಡೆಸುವವರು ಅಲ್ಲಿ ಹೋಗಿ ವಿಚಾರಿಸತೊಡಗಿದರು. ಹಗ್ಗಕ್ಕೆ ಮಂಗಳಾರತಿ ಎತ್ತುವುದೊಂದು ಬಾಕಿ. "ನಮ್ಮ ಹಗ್ಗ ಸುಳ್ಳು ಹೇಳಲ್ಲ ಕಣೇ ಅಂಬುಜಾ. ಉಳಿದ ಮೂವತ್ತೊಂಬತ್ತು ಪಂಚೆ ದಂಡ ಅಂತ ನಿಮ್ಮ ಮೇಜರ್‌ಗೆ ಹೇಳು" ಎನ್ನುತ್ತಿದ್ದರು.

ಊರಿನ ಪಕ್ಕದಲ್ಲಿ ಆಚೆ ದಡ ಕಾಣದಷ್ಟು ದೊಡ್ಡ ಸರೋವರವಿದೆ, ಅದರ ನಡುವೆ ಒಂದು ನಡುಗಡ್ಡೆ, ಅಲ್ಲಿ ನಮ್ಮ ಸೈನ್ಯದ ಕಾವಲು ಠಾಣೆ. ಆ ಬೇಸಿಗೆಯಲ್ಲಿ ಆಚೆ ದಡದವರು ಬಂದು ನಡುಗಡ್ಡೆಯ ದೋಣಿಕಟ್ಟೆಯನ್ನು ಹಿಡಿದುಕೊಂಡರು. ಠಾಣೆಯ ನಮ್ಮ ಹುಡುಗರು ಒಳಗೇ ಸಿಕ್ಕಿಬಿದ್ದರು. ದೋಣಿಯಲ್ಲಿ ಹತ್ತಿರ ಹೋದರೆ ಗುಂಡು ಬರುತ್ತದೆ, ಹೋಗದಿದ್ದರೆ ಹುಡುಗರಿಗೆ ಅನ್ನವಿಲ್ಲ. ಹಾಗಾಗಿ ವಿಮಾನದಿಂದ ಪ್ಯಾರಾಶೂಟ್ ದಳವನ್ನು ನಡುಗಡ್ಡೆಯ ಬೆನ್ನಿನ ಬಯಲಿಗೆ ಇಳಿಸಿ, ಹಿಂದಿನಿಂದ ದೋಣಿಕಟ್ಟೆ ಬಿಡಿಸಿಕೊಳ್ಳುವುದು ಎಂದು ತೀರ್ಮಾನವಾಯಿತು. ಪರಮ ರಹಸ್ಯ. ಅಂದರೆ ಊರಿನ ಹೂವಿನವಳಿಗೆ ತಿಳಿಯುವಷ್ಟರಲ್ಲಿ ಮಧ್ಯಾಹ್ನವಾಗಿತ್ತು.

ಆ ದಳದಲ್ಲಿ ನನ್ನ ಮಗಳಿದ್ದಳು. ವಾರಿಜ ನಡೆಯಲು ಕಲಿಯುವ ಮೊದಲು ಹಾರಲು ಕಲಿತವಳು. ಕಟ್ಟೆಯಿಂದ, ಅಟ್ಟದಿಂದ, ಸೀಬೆಮರದಿಂದ ಹಾರಿ ಹಾರಿ, ಇನ್ನು ಎತ್ತರ ಸಾಲದು ಎನ್ನಿಸಿದಾಗ ಸೈನ್ಯ ಸೇರಿದಳು. "ಗಾಳಿ ಇಲ್ದಿದ್ರೆ ಸಲೀಸಾಗಿ ಇಳೀತೀವಿ ಅಮ್ಮ" ಎಂದಳು, ನನ್ನ ತಟ್ಟೆಯಿಂದಲೇ ಉಪ್ಪಿಟ್ಟು ತಿನ್ನುತ್ತಾ. "ಗಾಳಿ ಎದ್ರೆ ಮಾತ್ರ ಸೀದಾ ನೀರಿಗೆ. ಮೈಮೇಲೆ ಅಷ್ಟು ಭಾರ ಇರತ್ತೆ, ಈಜೋಕಾಗಲ್ಲ. ಉಪ್ಪು ಸ್ವಲ್ಪ ಮುಂದಾಯ್ತು." ನಾನು ತಟ್ಟೆಯನ್ನು ಅವಳ ಕಡೆಗೇ ತಳ್ಳಿದೆ.

ಹಾರುವುದು ನಾಳೆ ಬೆಳಿಗ್ಗೆ ಎಂದಾಗಿದ್ದರಿಂದ ಇವತ್ತು ಬೆಳಗಿನ ಪಂಚೆಗಳು ಮುಖ್ಯ. ನಾನು ಎಂದಿಗಿಂತ ಬೇಗ ಹೊರಟೆ. ದಿನಾ ಮಹಡಿಯಿಂದಲೇ ಕೂಗಿ ಹೇಳುವ ಜನ ಅಂದು ಹೊಸಿಲಲ್ಲೇ ನಗುನಗುತ್ತಾ ನಿಂತಿದ್ದರು. "ಒಣಗಿದೆ, ಒಂಚೂರೂ ಅಲ್ಲಾಡಿಲ್ಲ. ಹೆದರ್ಕೋಬೇಡಿ ಅಂಬುಜಮ್ಮ." ಪಕ್ಕದ ಮನೆಯಲ್ಲೂ ಅದೇ. ಅದರಾಚೆಯ ಮನೆಯಲ್ಲೂ ಅದೇ. ಒಬ್ಬರು ಬೆಲ್ಲ ಕೊಟ್ಟರು, ಒಬ್ಬರು ಕಾಫಿ ಕೊಟ್ಟರು. ಮನೆಯಿಂದ ಮನೆಗೆ ನನ್ನ ಎದೆ ಹಗುರಾಗುತ್ತಾ ಹೋಯಿತು. ಗಿರಣಿ ಶಾಂತಪ್ಪ "ಅಲ್ಲಾಡಿಲ್ಲ" ಎಂದ. ಗೋಡೆಯಾಚೆಯ ಅವನ ತಮ್ಮನೂ "ಅಲ್ಲಾಡಿಲ್ಲ" ಎಂದಾಗ ಮಾತ್ರ ನನಗೆ ಹೇಗೋ ಆಯಿತು. ಆ ಇಬ್ಬರು ಯುಗಾದಿ ಯಾವತ್ತು ಎಂಬುದರಲ್ಲೂ ಒಂದಾದವರಲ್ಲ.

ಕಚೇರಿಯಲ್ಲಿ ಬ್ರಿಗೇಡಿಯರ್ ಸಾಹೇಬರು ಬಂದು ಕೂತಿದ್ದರು. ಕಾಯುವುದೆಂದರೆ ಆಗದ ಮನುಷ್ಯ. ಕೂತಲ್ಲೇ ಕಾಲು ಕುಣಿಸುತ್ತಿದ್ದರು. ಹಲಗೆಯ ಮೇಲೆ ನಲವತ್ತು ಚುಕ್ಕೆ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದವು. "ಭೇಷ್! ಇನ್ನೇನು ಬೇಕು? ನಲವತ್ತಕ್ಕೆ ನಲವತ್ತು!" ಎಂದು ಎದ್ದೇ ಬಿಟ್ಟರು. ಮೇಜರ್ ಮಾತ್ರ ಕಾಫಿ ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದರು. "ಅಂಬುಜಮ್ಮ, ನಿಮ್ಮೂರು ಯಾವಾಗ ಒಂದಾಯ್ತು?"

ನಾನು ಚಪ್ಪಲಿ ಮೆಟ್ಟಿ ಓಡಿದೆ. ಶಾಂತಪ್ಪನ ಮಹಡಿ ನೋಡಿದೆ, ಹಗ್ಗ ಬರಿದು. ತಮ್ಮನದೂ ಬರಿದು. ಬೀದಿಯುದ್ದಕ್ಕೂ ಯಾವ ಮಹಡಿಯಲ್ಲೂ ಒಂದು ಬಿಳಿ ಪಂಚೆಯಿಲ್ಲ. ತಿರುವು ದಾಟಿದ ಮೇಲೆ ಕಂಡಿತು. ಜಲಜಾಕ್ಷಮ್ಮನವರ ಮಹಡಿ ಮದುವೆಯ ಚಪ್ಪರದ ಹಾಗೆ ಬೆಳ್ಳಗಾಗಿತ್ತು. ನಲವತ್ತು ಪಂಚೆಯೂ ಅಲ್ಲೇ, ಒಂದಕ್ಕೊಂದು ಅಂಟಿಕೊಂಡು ಒಣಗಿದ್ದವು. ಕೆಳಗೆ ಜಗುಲಿಯ ಮೇಲೆ ಅರ್ಧ ಊರು ಕೂತು ಅವಲಕ್ಕಿ ತಿನ್ನುತ್ತಿತ್ತು.

"ಏನ್ರೀ ಇದು?" ಎಂದೆ. ಏದುಸಿರಿನಲ್ಲಿ ಬೇರೆ ಮಾತು ಹೊರಡಲಿಲ್ಲ.

ಶಾಂತಪ್ಪನೇ ಎದ್ದು ನಿಂತ. "ಬೇರೆ ದಿನ ಆಗಿದ್ರೆ ನಮ್ಮ ದರಿದ್ರ ಹಗ್ಗದ ಮೇಲೇ ಹಾಕ್ತಿದ್ವಿ ಅಂಬುಜಮ್ಮ. ಇದು ನಮ್ಮ ವಾರಿಜನ ವಿಷಯ ಅಲ್ವಾ? ಒಳ್ಳೇ ಹಗ್ಗ ಇರೋವಾಗ ನಮ್ಮದನ್ನ ನಂಬಿ ಹುಡುಗೀನ ಹಾರ್ಸೋದಾ? ಅದಕ್ಕೇ ನಾನೂ ನನ್ನ ತಮ್ಮನೂ ಮಾತಾಡ್ಕೊಂಡು ಇಲ್ಲಿಗೇ ತಂದು ಹಾಕಿದ್ವಿ." ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ನನ್ನ ಮಗಳಿಗಾಗಿ ಮಾತಾಡಿಕೊಂಡಿದ್ದರು! ಅವರನ್ನು ಬೈಯುವುದೋ ತಬ್ಬಿಕೊಳ್ಳುವುದೋ ತಿಳಿಯದೆ ನಾನು ಜಗುಲಿಯ ಮೇಲೆ ಕೂತು ಅತ್ತುಬಿಟ್ಟೆ.

"ನೀನ್ಯಾಕೆ ಅಳ್ತೀಯ? ನಲವತ್ತು ಪಂಚೆನೂ ಗಾಳಿಯಿಲ್ಲ ಅಂತಿದಾವೆ" ಎಂದರು ಜಲಜಾಕ್ಷಮ್ಮ.

"ನಲವತ್ತಲ್ಲ, ಒಂದೇ" ಎಂದೆ. "ನಿಮ್ಮದೊಂದೇ ಮಾತನ್ನ ನಲವತ್ತು ಬಾಯಲ್ಲಿ ಹೇಳ್ಸಿದೀರ. ಉಳಿದ ಹಗ್ಗ ಏನು ಹೇಳ್ತಿದ್ವು ಅಂತ ಇನ್ನು ಯಾರಿಗೆ ಗೊತ್ತಾಗಬೇಕು?" ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ನನಗೆ ನೋವಾಗತ್ತೆ ಅಂತ ಯಾರೂ ಸಿಹಿಮಾತು ಹೇಳ್ಬೇಡಿ. ನಿಮ್ಮ ಹಗ್ಗದಲ್ಲಿ ನನ್ನ ಮಗಳು ನೀರಿಗೆ ಬೀಳೋದು ಕಂಡ್ರೆ, ಬೀಳ್ತಾಳೆ ಅಂತ್ಲೇ ಹೇಳಿ. ನನ್ನ ಮುಖ ನೋಡ್ಕೊಂಡೇ ಹೇಳಿ."

ಯಾರೂ ಅವಲಕ್ಕಿ ಮುಟ್ಟಲಿಲ್ಲ.

ಬ್ರಿಗೇಡಿಯರ್ ಸಾಹೇಬರಿಗೆ ಸುದ್ದಿ ಮುಟ್ಟಿಸಿದಾಗ ಅವರ ಮುಖ ಕೆಂಪಾಯಿತು. ನಾಳೆ ಬೆಳಗಿನದು ಕೈತಪ್ಪಿ ಹೋಯಿತು, ಆ ಹೊತ್ತಿನ ಗಾಳಿ ಇನ್ನು ಯಾವ ಹಗ್ಗಕ್ಕೂ ಬೀಸುವುದಿಲ್ಲ ಎಂದರು ಮೇಜರ್. "ಆದರೆ ಸಂಜೆ ಇನ್ನೂ ಮುಂದಿದೆ ಸಾರ್. ಈಗ ಪಂಚೆಗಳನ್ನ ಅವರವರ ಮನೆಗೆ ಕಳಿಸಿದ್ರೆ ನಾಳೆ ಸಂಜೆಯದು ಸಿಗತ್ತೆ." ಠಾಣೆಯ ಹುಡುಗರು ಇನ್ನೊಂದು ಹಗಲು ಹಸಿದಿರಬೇಕಲ್ಲ ಎಂದು ಸಾಹೇಬರು ಗುಡುಗಿದರು. ಹಸಿದಿರುವವರನ್ನು ಬಿಡಿಸಲು ಹೋಗುವವರು ಮುಳುಗಬಾರದಲ್ಲ ಎಂದು ಮೇಜರ್ ಮೆತ್ತಗೆ ಹೇಳಿದರು. ಸಾಹೇಬರು ಒಂದಷ್ಟು ಹೊತ್ತು ಕಾಲು ಕುಣಿಸಿ, ಸರಿ, ನಾಳೆ ಸಂಜೆ ಎಂದರು.

ಆ ಮಧ್ಯಾಹ್ನದ ಗದ್ದಲ ನೋಡಬೇಕಿತ್ತು. ಪಂಚೆಗೆ ಹೆಸರು ಬರೆದಿರಲಿಲ್ಲ, ಎಲ್ಲವೂ ಒಂದೇ ಥರ, ಆದರೂ ನಮ್ಮದು ಯಾವುದು ಎಂದು ಜನ ಮಹಡಿಯ ಮೇಲೆ ಜಗಳಕ್ಕೆ ನಿಂತರು. ಯಾವುದಾದರೇನು, ಹಗ್ಗ ನಿಮ್ಮದಾದರೆ ಸಾಕು ಎಂದು ನಾನು ಸಿಕ್ಕವರ ಹೆಗಲಿಗೊಂದು ಎಸೆದೆ. ಬೀದಿಯಲ್ಲಿ ಬಕೆಟ್ಟುಗಳು ಉರುಳಿದವು. ಸಂಜೆಯ ಹೊತ್ತಿಗೆ ನಲವತ್ತು ಪಂಚೆ ನಲವತ್ತು ಮಹಡಿಯ ಮೇಲಿದ್ದವು. ಈ ಸಲ ನಾನು ಯಾರ ಹೊಸಿಲಲ್ಲೂ ನಿಲ್ಲಲಿಲ್ಲ, ಮೆಟ್ಟಿಲು ಹತ್ತಿಯೇ ನೋಡಿದೆ.

ಶಾಂತಪ್ಪನದು ಸುಮ್ಮನಿತ್ತು. ಅವನ ತಮ್ಮ ನನ್ನನ್ನು ಕಂಡವನೇ ತಲೆ ತಗ್ಗಿಸಿದ. ಅವನ ಪಂಚೆ ಹಗ್ಗಕ್ಕೆ ಸುತ್ತಿಕೊಂಡಿತ್ತು. "ಸುತ್ಕೊಂಡಿದೆ ಅಂಬುಜಮ್ಮ" ಎಂದು ನನ್ನ ಮುಖ ನೋಡಿಕೊಂಡೇ ಹೇಳಿದ, ಪಾಪ, ಕಣ್ಣಲ್ಲಿ ನೀರಿತ್ತು. ಮಸೀದಿ ಬೀದಿಯಲ್ಲಿ ಒಂದು ಮನೆಯದೂ ಹಾಗೇ. ಉಳಿದವು ಸುಮ್ಮನಿದ್ದವು ಇಲ್ಲವೇ ಸ್ವಲ್ಪ ತೂಗುತ್ತಿದ್ದವು. ಕೊನೆಗೆ ಜಲಜಾಕ್ಷಮ್ಮನವರ ಮನೆ. ಮಹಡಿಯ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದೆ. ತೆಗೆಯಲು ತಡವಾಯಿತು.

ಹೊರಗೆ ಎಲೆ ಅಲ್ಲಾಡದ ಸಂಜೆ. ಹಗ್ಗದ ಮೇಲೆ ಅವರ ಪಂಚೆ ಮಾತ್ರ ಒಂದೇ ಸಮನೆ ಬಡಿದುಕೊಂಡು, ಸುತ್ತಿ ಸುತ್ತಿ, ಹುರಿ ಹಾಕಿದ ಹಾಗಾಗಿತ್ತು. ಜಲಜಾಕ್ಷಮ್ಮ ಅದರ ಪಕ್ಕದಲ್ಲಿ ನಿಂತಿದ್ದರು. "ಎಲ್ಲರ ಮನೇದೂ ಸುಮ್ಮನಿದೆಯಂತೆ, ಕೆಳಗೆ ಮಾತಾಡ್ತಿದ್ರು" ಎಂದರು. "ಬಿಡಿಸಿಟ್ಟು, ನಮ್ಮದೂ ಸುಮ್ಮನಿದೆ ಅಂತ ಹೇಳಿಬಿಡೋಣ ಅನ್ನಿಸ್ತು ಕಣೇ. ಕೈಯನ್ನೂ ಹಾಕಿದ್ದೆ."

"ಮತ್ತೆ?"

"ನನ್ನ ಹಗ್ಗ ಗಾಳಿ ಅಂತಿದೆ ಅಂಬುಜಾ. ಜೋರು ಗಾಳಿ." ಪಂಚೆಯಿಂದ ದೂರ ಸರಿದು ನಿಂತರು. "ಬರ್ಕೋ."

ಕಚೇರಿಗೆ ಹೋಗಿ ಹೇಳಿದೆ. ಮೂವತ್ತೇಳು ಚುಕ್ಕೆ ಒಂದು ಕಡೆ ಗುಂಪಾದವು, ಮೂರು ದೂರದಲ್ಲಿ ಒಂಟಿಯಾಗಿ ಕೂತವು. ಬ್ರಿಗೇಡಿಯರ್ ಸಾಹೇಬರು ಮೂರನ್ನು ಒರೆಸಿಬಿಡುವವರಂತೆ ಕೈ ಬೀಸಿದರು. ಮೇಜರ್ ಹಲಗೆಗೆ ಅಡ್ಡ ನಿಂತರು. "ಮೂವತ್ತೇಳು ಮನೆ ನಂಬಿ ಹಾರಿಸೋಣ ಸಾರ್. ಮೂರು ಮನೆ ನಂಬಿ ದೋಣಿ ಇಡೋಣ. ಈ ಕಾಲದಲ್ಲಿ ಗಾಳಿ ಎದ್ರೆ ಸರೋವರದ ತೆಂಕಣ ದಡದ ಕಡೆಗೇ ತಳ್ಳತ್ತೆ. ಅಲ್ಲಿ ಜೊಂಡಿನ ಮರೆಯಲ್ಲಿ ಕಾಯಲಿ, ದೋಣಿಕಟ್ಟೆಗೆ ಕಾಣಲ್ಲ." ಸಾಹೇಬರು ನನ್ನ ಕಡೆ ನೋಡಿದರು. ನಾನು ಕೈಮುಗಿದೆ. ಕೈಮುಗಿಯುವುದು ನನ್ನ ಹುದ್ದೆಗೆ ಸೇರಿದ್ದಲ್ಲ, ಆದರೂ ಮುಗಿದೆ.

ಮರುದಿನ ಬೆಳಗಾಯಿತು ನೋಡಿ, ಗಾಳಿಯ ಸುಳಿವೇ ಇಲ್ಲ! ಸರೋವರ ತಟ್ಟೆಯ ಹಾಲಿನಂತಿತ್ತು. ಬೆಳಿಗ್ಗೆಯೇ ಹಾರಿದ್ದರೆ ಇಷ್ಟು ಹೊತ್ತಿಗೆ ಕೆಲಸ ಮುಗಿಯುತ್ತಿತ್ತು ಎಂದು ಬೀದಿಯಲ್ಲಿ ಸಿಕ್ಕವರೆಲ್ಲ ನನಗೆ ಹೇಳಿದರು. ಬ್ರಿಗೇಡಿಯರ್ ಸಾಹೇಬರು ಹೇಳದಿದ್ದರೂ ನೋಡಿದ ನೋಟದಲ್ಲಿ ಅದೇ ಇತ್ತು. ಜಲಜಾಕ್ಷಮ್ಮ ಕುಣಿಯುತ್ತಾ ಬರುತ್ತಾರೆ ಎಂದುಕೊಂಡಿದ್ದೆ. ಬಂದರು, ಆದರೆ ಸಾವಿನ ಸುದ್ದಿ ತಂದವರ ಹಾಗೆ. "ನಮ್ಮ ಹಗ್ಗ ಹೇಳಿದ್ದು ಈ ಸಲವೂ ನಿಜವಾಯ್ತಲ್ಲೇ ಅಂಬುಜಾ" ಎಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ನನಗೆ ಆಗ ಹೊಳೆಯಿತು. ಸಾಲಾಗಿ ನಾಲ್ಕು ಸಲ ನಿಜ ಹೇಳಿದ ಅದೇ ಹಗ್ಗ, ಸಂಜೆ ಗಾಳಿ ಎಂದಿತ್ತು.

ಕಚೇರಿಗೆ ಓಡಿ ಮೇಜರನ್ನು ಕೇಳಿದೆ. ಒಂದು ಹಗ್ಗ ಒಂದೇ ಹಗ್ಗ, ನಿನ್ನೆಯೂ ಅಷ್ಟೇ, ಇವತ್ತೂ ಅಷ್ಟೇ ಎಂದರು. ಹಾಗೆಂದವರು ಜೊಂಡಿನ ಕಡೆಗೆ ಇನ್ನೂ ಎರಡು ದೋಣಿ ಹೆಚ್ಚಿಗೆ ಕಳಿಸಿದರು. ಅವರ ಕಾಫಿ ಅಂದು ಲೋಟದಲ್ಲೇ ಆರಿತು.

ಸಂಜೆ ಇಡೀ ಊರು ದಡದಲ್ಲಿತ್ತು. ರಹಸ್ಯ ಕಾರ್ಯಾಚರಣೆಯಾದ್ದರಿಂದ ಯಾರೂ ಮೇಲೆ ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದರು. ವಿಮಾನ ಬಂತು. ಬಿಳಿ ಕೊಡೆಗಳು ಒಂದೊಂದಾಗಿ ಅರಳಿ, ನೆಟ್ಟಗೆ, ಅವಸರವಿಲ್ಲದೆ ನಡುಗಡ್ಡೆಯ ಹಿಂದೆ ಇಳಿದವು. ಶಾಂತಪ್ಪ ಎಣಿಸುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದ. ಇನ್ನು ಎರಡು ಕೊಡೆ ಮಾತ್ರ ಆಕಾಶದಲ್ಲಿದ್ದಾಗ ನನ್ನ ಸೆರಗು ಎದ್ದು ಮುಖಕ್ಕೆ ಬಡಿಯಿತು. ಎಲ್ಲಿತ್ತೋ ಆ ಗಾಳಿ! ಸೆರಗು ಸರಿಸಿ ನೋಡುವಷ್ಟರಲ್ಲಿ ಆ ಎರಡೂ ಕೊಡೆ ನಡುಗಡ್ಡೆ ದಾಟಿ, ಓರೆಯಾಗಿ, ತೆಂಕಣಕ್ಕೆ ಓಡುತ್ತಿದ್ದವು. ಕೊನೆಯದು ವಾರಿಜಳದು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹೊತ್ತು ಮೇಲಿರಬೇಕು ಎಂದು ಯಾವಾಗಲೂ ಕೊನೆಗೇ ಹಾರುವವಳು ಅವಳು. ಕೊಡೆ ನೀರಿನ ಮೇಲೆ ಮಗುಚಿ, ಚಪ್ಪಟೆಯಾಗಿ, ಇಲ್ಲವಾಯಿತು. ನಾನು ಕೂಗಿದೆನಂತೆ. ನನಗೆ ಕೇಳಿಸಲಿಲ್ಲ.

ಜೊಂಡಿನೊಳಗಿಂದ ದೋಣಿಗಳು ಹೊರಟದ್ದನ್ನು ಮೊದಲು ಕಂಡವನು ಶಾಂತಪ್ಪನ ತಮ್ಮ. "ಹೊರಟ್ರು, ಹೊರಟ್ರು!" ಎಂದು ಅಣ್ಣನ ಹೆಗಲು ಹಿಡಿದು ಅಲ್ಲಾಡಿಸಿದ. ದೋಣಿಗಳು ಆ ಜಾಗವನ್ನು ಸುತ್ತಿದವು. ಯಾರೋ ಬಾಗಿದರು, ಒಬ್ಬರನ್ನು ಎಳೆದರು, ಇನ್ನೊಬ್ಬರನ್ನೂ ಎಳೆದರು. ಆಮೇಲೆ ದೋಣಿಯೊಂದರಲ್ಲಿ ಒಂದು ಆಕೃತಿ ಎದ್ದು ನಿಂತು ದಡದ ಕಡೆಗೆ ಎರಡೂ ಕೈ ಬೀಸಿತು. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ. ಮುಳುಗಿ ಎದ್ದ ಮೇಲೂ ದೋಣಿಯಲ್ಲಿ ಕೂರದೆ ನಿಂತು ಕುಣಿಯುವವಳು ನನ್ನ ಮಗಳಲ್ಲದೆ ಇನ್ಯಾರು? ನಾನು ಮರಳಿನಲ್ಲಿ ಕೂತು, ಅಳುತ್ತಾ, ಅವಳನ್ನು ಬಾಯಿಗೆ ಬಂದಂತೆ ಬೈದೆ.

ನಡುಗಡ್ಡೆ ಕತ್ತಲಾಗುವ ಮೊದಲೇ ನಮ್ಮದಾಯಿತು. ಹಿಂದಿನಿಂದ ಬಂದವರನ್ನು ಕಂಡ ಆಚೆ ದಡದವರು ತಮ್ಮ ದೋಣಿ ಹತ್ತಿ ಹೊರಟುಹೋದರು, ಪೆಟ್ಟು ಬಿದ್ದದ್ದು ಅವಸರದಲ್ಲಿ ಜಾರಿದವನೊಬ್ಬನಿಗೆ ಮಾತ್ರ. ಠಾಣೆಯ ಹುಡುಗರು ಮರುದಿನ ಬಂದಾಗ ಊರಿನವರು ಅವರಿಗೆ ಉಣ್ಣಿಸಿದ ಪರಿಗೆ ಇನ್ನೆರಡು ದಿನ ಅವರಿಂದ ಏಳಲಾಗಲಿಲ್ಲ. ಬ್ರಿಗೇಡಿಯರ್ ಸಾಹೇಬರು ಹೊರಡುವ ಮುಂಚೆ ಹಲಗೆಯ ಮುಂದೆ ನಿಂತು, ಆ ಮೂರು ಚುಕ್ಕೆಗಳನ್ನು ನೋಡಿ, ಟೋಪಿ ಸರಿಮಾಡಿಕೊಂಡು ಹೋದರು. ಮೇಜರ್ ನನಗೂ ಒಂದು ಲೋಟ ಕಾಫಿ ಹಾಕಿಕೊಟ್ಟರು.

ವಾರಿಜ ಮನೆಗೆ ಬಂದ ದಿನ ನಾನು ಅವಳನ್ನು ಮೊದಲು ಕರೆದೊಯ್ದದ್ದು ಜಲಜಾಕ್ಷಮ್ಮನವರ ಮನೆಗೆ. ಅವರು ಎರಡು ದಿನದಿಂದ ಬಾಗಿಲು ತೆರೆದಿರಲಿಲ್ಲ, ಮಹಡಿ ಹತ್ತಿರಲಿಲ್ಲ. ವ್ಯಾಸಪೀಠದಲ್ಲಿ ಪುಸ್ತಕ ಬಿಚ್ಚಿಟ್ಟುಕೊಂಡು ಓದದೆ ಕೂತಿದ್ದರು. ವಾರಿಜ "ಮಿಸ್" ಎಂದು ಕಾಲಿಗೆ ನಮಸ್ಕಾರ ಮಾಡಲು ಹೋದರೆ ಕಾಲು ಹಿಂದೆಳೆದುಕೊಂಡರು.

"ಬೇಡ. ನನ್ನ ಹಗ್ಗದಿಂದಲೇ ನಿನಗೆ ಹಾಗಾಯ್ತೇನೋ ಅನ್ಸತ್ತೆ ಕಣೇ" ಎಂದರು. "ಆವತ್ತು ನಿಮ್ಮಮ್ಮನ ಹತ್ರ ಬಂದು ಹೋದ ಮೇಲೆ ದೇವರ ಮುಂದೇ ಕೂತಿದ್ದೆ. ಸುಳ್ಳಾಗಲಿ, ಇದೊಂದು ಸಲ ನನ್ನ ಮಾತು ಸುಳ್ಳಾಗಲಿ ಅಂತ. ಜೀವಮಾನದಲ್ಲಿ ಹಾಗೆ ಬೇಡಿಕೊಂಡವಳಲ್ಲ. ಅವನು ಕೇಳಿಸಿಕೊಳ್ಳಲಿಲ್ಲ."

ವಾರಿಜ ಅವರ ಪಕ್ಕದಲ್ಲೇ, ಶಾಲೆಯಲ್ಲಿ ಎಂದೂ ಕೂರಲು ಬಿಡದಿದ್ದಷ್ಟು ಹತ್ತಿರ ಕೂತಳು. "ನಿಮ್ಮ ಮಾತು ಸುಳ್ಳಾಗಿದ್ರೂ ಬದುಕ್ತಿದ್ದೆ ಮಿಸ್, ನಿಜವಾದ್ರೂ ಬದುಕಿದೆ" ಎಂದಳು. "ನೀವು ಹೇಳದೇ ಇದ್ದಿದ್ರೆ ಮಾತ್ರ ಸಾಯ್ತಿದ್ದೆ."

ಜಲಜಾಕ್ಷಮ್ಮ ಅವಳನ್ನು ನೋಡಿದರು. ಹಳೆಯ ಅಭ್ಯಾಸದಂತೆ ಕೈ ಚಾಚಿ ಅವಳ ಕಿವಿ ಹಿಡಿದರು. ಹಿಂಡಲಿಲ್ಲ, ಹಿಡಿದುಕೊಂಡೇ ಅತ್ತರು. ವಾರಿಜ ತಲೆ ಓರೆ ಮಾಡಿಕೊಂಡು, ಅವರ ಅಳು ಮುಗಿಯುವ ತನಕ ಹಾಗೇ ಕೂತಿದ್ದಳು.